ಮನೆಗೊಬ್ಬರಂತೆ ಹನ್ನೊಂದು ಮಂದಿ

ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಟಾಣಿ ಸಿಪ್ಪೆಯನ್ನು ತೆಗೆಯಲು ಅಧ್ಯಕ್ಷರು ತಂಡದ ಫೋಟೊದ ಮೂಲೆಯನ್ನು ಬಳಸಿದರು. ಸಿಪ್ಪೆ ಬಂತು. ಅದನ್ನು ಒಮ್ಮೆ ನೋಡಿ, ಫೋಟೊದ ಬೆನ್ನಿಗೆ ಒರೆಸಿ, ಫೋಟೊವನ್ನು ಮತ್ತೆ ಮೇಜಿನ ಮೇಲಿಟ್ಟರು. ಮೂಲೆ ಒದ್ದೆಯಾಗಿ ಮೆತ್ತಗಾಗಿತ್ತು. ಆಮೇಲೆ ಆ ಫೋಟೊವನ್ನು ನಾನು ಮುಟ್ಟಲಿಲ್ಲ.

ಎರಡು ಸಾವಿರದ ಒಂಬತ್ತನೆಯ ಇಸವಿ ಮುಗಿಯುತ್ತಿತ್ತು. ನೈರೋಬಿಯ ನಮ್ಮ ಕನ್ನಡ ಕೂಟಕ್ಕೆ ಒಂದು ಕ್ರಿಕೆಟ್ ತಂಡವಿತ್ತು. ಭಾನುವಾರದ ಲೀಗಿನಲ್ಲಿ ಗುಜರಾತಿ, ಪಂಜಾಬಿ, ಗೋವಾ ಸಮಾಜಗಳ ತಂಡಗಳ ಜೊತೆ ಆಡುತ್ತಿತ್ತು, ಹೆಚ್ಚಾಗಿ ಸೋಲುತ್ತಿತ್ತು. ಹತ್ತು ವರ್ಷಗಳಲ್ಲಿ ಆಡಿದವರಲ್ಲಿ ಅತ್ಯುತ್ತಮರಾದ ಹನ್ನೊಂದು ಮಂದಿಯನ್ನು ಆರಿಸಿ ‘ದಶಕದ ತಂಡ’ ಎಂದು ಸನ್ಮಾನಿಸುವುದು ಕೂಟದ ತೀರ್ಮಾನ. ಆರಿಸುವ ಕೆಲಸ ಮೂವರದು. ಒಬ್ಬರು ಅಧ್ಯಕ್ಷರು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಕೆಟ್ಟು ಬೇಸಿನ್ನು ಮಾಡುವ ಪ್ಲಾಸ್ಟಿಕ್ ಕಾರ್ಖಾನೆಯ ಜನರಲ್ ಮ್ಯಾನೇಜರ್. ಇನ್ನೊಬ್ಬರು ಖಜಾಂಚಿ, ಔಷಧಿ ಆಮದಿನ ವ್ಯಾಪಾರದವರು. ಮೂರನೆಯವಳು ನಾನು. “ಒಬ್ಳು ಹೆಣ್ಮಗಳೂ ಇರ್ಲಿ, ನೋಡೋಕೆ ಚೆನ್ನಾಗಿರುತ್ತೆ” ಎಂದು ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹೇಳಿದ್ದರು. ಜನ ಚಪ್ಪಾಳೆ ತಟ್ಟಿದ್ದರು.

ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ, ಏಕೆಂದರೆ ಆ ತಂಡ ನನಗೆ ಇಷ್ಟವಾಗಿತ್ತು. ಅಪ್ಪ ಕೆಲಸದ ಮೇಲೆ ನಮ್ಮನ್ನು ಮೈಸೂರಿನಿಂದ ಇಲ್ಲಿಗೆ ಕರೆತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಗೆಳತಿಯರನ್ನು ಬೇಗ ಮಾಡಿಕೊಳ್ಳುವ ಸ್ವಭಾವ ನನ್ನದಲ್ಲ. ಭಾನುವಾರ ಮೈದಾನದ ಅಂಚಿನಲ್ಲಿ ಕುಳಿತು ಪಂದ್ಯ ನೋಡಿದರೆ ಯಾರೊಂದಿಗೂ ಮಾತನಾಡದೆ ಇಡೀ ದಿನ ಜನರ ನಡುವೆ ಇರಬಹುದಿತ್ತು. ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೂ, ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕ ಮೇಲೂ ಹೋಗುತ್ತಿದ್ದೆ. ಸ್ಕೋರ್ ಬರೆಯುವವರಿಲ್ಲದಾಗ ಬರೆಯುತ್ತಿದ್ದೆ. ಯಾರು ಚೆನ್ನಾಗಿ ಆಡುತ್ತಾರೆ, ಯಾರು ಆಡುವುದಿಲ್ಲ ಎಂಬುದು ನನಗಷ್ಟೇ ಅಲ್ಲ, ಅಲ್ಲಿ ಊಟ ಬಡಿಸುತ್ತಿದ್ದ ಹೆಂಗಸರಿಗೂ ಗೊತ್ತಿತ್ತು.

ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರು ಕೀಪರ್. ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನೈರೋಬಿಯ ನ್ಗಾರಾ ಬಡಾವಣೆಯ ಬಟ್ಟೆ ಸಗಟು ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕೆನ್ಯಾದವರು. ಶಾಲೆಯಲ್ಲಿ ಕ್ರಿಕೆಟ್ ಕಲಿತಿದ್ದರು. ಲೀಗಿನಲ್ಲಿ ಪ್ರತಿ ತಂಡವೂ ಹೊರಗಿನ ಕೆಲವರನ್ನು ಆಡಿಸಬಹುದಿತ್ತು. ಹಾಗೆ ಬಂದವರು ದಶಕ ಪೂರ್ತಿ ಉಳಿದರು. ಮಾತು ಜಾಸ್ತಿ, ಸ್ವಲ್ಪ ಜಂಬ. ಕನ್ನಡಿ ಸಿಕ್ಕಿದಲ್ಲೆಲ್ಲ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ವಿಕೆಟ್ಟಿನ ಹಿಂದೆ ನಿಂತು ಕೇಳಿ ಕೇಳಿ ಕನ್ನಡ ಕಲಿತಿದ್ದರು. ಎದುರು ತಂಡಕ್ಕೆ ಅರ್ಥವಾಗದಿರಲೆಂದು ನಮ್ಮ ಬೌಲರುಗಳಿಗೆ ಕನ್ನಡದಲ್ಲೇ ಹೇಳಿಕೊಡುತ್ತಿದ್ದರು: “ಮುಂದೆ ಬರ್ತಾನೆ ಇವ್ನು, ಮೇಲೆ ಬಿಡು ಮಗಾ, ಮೇಲೆ ಬಿಡು.” ಬ್ಯಾಟ್ಸ್‌ಮನ್ ಮುಂದೆ ಬರುತ್ತಿದ್ದ, ಬೇಲ್ಸ್ ಹಾರುತ್ತಿದ್ದವು. ಕೂಟದ ಮಕ್ಕಳು ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಕೀಪರ್ ಆ ಮಕ್ಕಳನ್ನು ಕನ್ನಡದಲ್ಲಿ ಗದರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದರೂ ಮಕ್ಕಳು ಕರೆಯುವುದನ್ನು ಕೇಳಿ ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು.

ಆ ವರ್ಷ ಅವರಿಗೆ ದಶಕದ ತಂಡದಲ್ಲಿ ತಮ್ಮ ಹೆಸರು ಬೇಕಾಗಿತ್ತು, ಜಂಬಕ್ಕಲ್ಲ. ಕಸರಾನಿಯ ಕಡೆಯ ಒಂದು ಖಾಸಗಿ ಶಾಲೆ ಹೊಸದಾಗಿ ಕ್ರಿಕೆಟ್ ಶುರು ಮಾಡುವುದರಲ್ಲಿತ್ತು. ಅಲ್ಲಿನ ಆಟದ ಮೇಷ್ಟ್ರಿಗೆ ಒಬ್ಬ ಕೋಚ್ ಬೇಕಿತ್ತು. ಕೆಲಸ ಸಿಕ್ಕರೆ ಕೀಪರ್ ಅವರ ಇಬ್ಬರು ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಫೀಸಿಲ್ಲದೆ ಓದಬಹುದು.

“ಬಟ್ಟೆ ಅಂಗಡಿಯವನು ಕೋಚ್ ಹೇಗೆ ಆಗ್ತಾನೆ ಅಂತ ಮ್ಯಾನೇಜ್‌ಮೆಂಟ್ ಕೇಳುತ್ತಂತೆ” ಎಂದು ಒಂದು ಭಾನುವಾರ ಚಹಾ ಕುಡಿಯುತ್ತಾ ಅವರು ನನಗೆ ಹೇಳಿದ್ದರು. “ನಾನು ಹೇಳ್ದೆ, ಬನ್ನಿ, ಡಿಸೆಂಬರಲ್ಲಿ ನಮ್ ಟೀಮ್ ಫಂಕ್ಷನ್ ಇದೆ. ಸ್ಟೇಜ್ ಮೇಲೆ ಕರೀತಾರೆ ನನ್ನ. ನೋಡ್ಬಿಟ್ಟು ಹೋಗಿ ಮ್ಯಾನೇಜ್‌ಮೆಂಟಿಗೆ ಹೇಳಿ ಅಂದೆ. ಬರ್ತೀನಿ ಅಂದ್ರು.”

ಅವರನ್ನು ಕರೆಯುತ್ತಾರೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ನನಗೂ ಇರಲಿಲ್ಲ.

ನಾವು ಮೂವರು ಕುಳಿತದ್ದು ನ್ಗಾರಾದ ಒಂದು ಸಭಾಭವನದ ಹಿಂದಿನ ಕೋಣೆಯಲ್ಲಿ. ಸಮೋಸಾ ಬಂದಿತ್ತು, ಹಸಿರು ಚಟ್ನಿ ಬಂದಿತ್ತು. ಖಜಾಂಚಿ ಚಟ್ನಿ ಹತ್ತಿದ ಬೆರಳಿನಿಂದಲೇ ಹಾಳೆ ಮಗುಚಿದರು. ನಾನು ಮೊದಲು ಕೀಪರ್ ಅವರ ಹೆಸರು ಹೇಳಿದೆ. ಅದನ್ನು ಕೇಳಿಸಿಕೊಳ್ಳದವರಂತೆ ಅಧ್ಯಕ್ಷರು ಹೇಳಿದರು:

“ಮೊದ್ಲು ಒಂದ್ ವಿಷ್ಯ ಕ್ಲಿಯರ್ ಮಾಡ್ಕೊಳ್ಳೋಣ. ಮನೆಗೊಬ್ರು. ಇಲ್ದಿದ್ರೆ ಜಗಳ ಆಗುತ್ತೆ.”

ಮನೆಗೊಬ್ಬರು ಎಂಬುದು ನಮ್ಮ ಕೂಟದ ಪದ್ಧತಿ. ದೀಪಾವಳಿಯ ಸಿಹಿ ಡಬ್ಬ ಮನೆಗೊಂದು. ರಾಜ್ಯೋತ್ಸವದ ವೇದಿಕೆಯಲ್ಲಿ ಮನೆಗೊಂದು ಮಗುವಿನ ಹಾಡು, ರಾಗವಿರಲಿ ಬಿಡಲಿ. ಒಂದು ಮನೆಯ ಇಬ್ಬರು ಮಕ್ಕಳು ಹಾಡಿಬಿಟ್ಟರೆಂದು ಎರಡು ಕುಟುಂಬಗಳು ವರ್ಷಗಟ್ಟಲೆ ಮಾತು ಬಿಟ್ಟ ನಿದರ್ಶನವಿತ್ತು. ಹಾಡಿಗೆ, ಸಿಹಿಗೆ ಅದು ಸರಿ. ಆಟದ ತಂಡವನ್ನೂ ಹಾಗೆ ಹಂಚಬಹುದೆಂದು ನನಗೆ ಹೊಳೆದಿರಲಿಲ್ಲ.

ಅವರಿಬ್ಬರೂ ಮನೆಗಳನ್ನು ಹೇಳುತ್ತಾ ಹೋದರು. ದೇಣಿಗೆ ಕೊಡುವ ಮನೆ, ಊಟದ ಮನೆ, ವ್ಯಾನ್ ಕೊಡುವ ಮನೆ. ಪ್ರತಿ ಮನೆಯಿಂದ ಒಬ್ಬ ಗಂಡಸು ಹೊರಬಂದ. ಅಧ್ಯಕ್ಷರ ಮನೆಯಿಂದ ಅವರ ಭಾವಮೈದುನ ಬಂದ. ಅವನು ಆಡಿದ್ದೆಲ್ಲ ಸೇರಿಸಿದರೂ ಬೆರಳಿನಲ್ಲಿ ಎಣಿಸುವಷ್ಟು ಪಂದ್ಯ. ನಮ್ಮ ಮನೆಯಿಂದ ಅಪ್ಪ. ಅಪ್ಪ ಆಡಿದ್ದನ್ನು ನಾನು ನೋಡಿದ್ದೇನೆ. ಚೆಂಡು ತಮ್ಮ ಕಡೆ ಬಂದರೆ ಅವರು ಅದಕ್ಕೆ ದಾರಿ ಬಿಡುತ್ತಿದ್ದರು.

ಹನ್ನೊಂದು ತುಂಬಿತು. ನಾನು ಮತ್ತೊಮ್ಮೆ ನೋಡಿದೆ.

“ಇದರಲ್ಲಿ ವಿಕೆಟ್ ಕೀಪರ್ ಇಲ್ಲ, ಸಾರ್.”

ಇಬ್ಬರೂ ಹೆಸರುಗಳ ಮೇಲೆ ಕಣ್ಣಾಡಿಸಿದರು. ಆರು ಮಂದಿ ಮೊದಲು ಬ್ಯಾಟ್ ಹಿಡಿಯುವವರಿದ್ದರು. ಕೀಪರ್ ಇರಲಿಲ್ಲ.

“ಗ್ಲೌಸ್ ಹಾಕ್ಕೊಂಡೋರೆಲ್ಲಾ ಕೀಪರ್ರೇ ಬಿಡಮ್ಮಾ” ಎಂದರು ಅಧ್ಯಕ್ಷರು. “ನಮ್ ಬಾಮೈದ ನಿಲ್ತಾನೆ.”

“ಹತ್ತು ವರ್ಷ ನಿಂತವರು ಇದ್ದಾರಲ್ಲ.”

“ಅವ್ನು ನಮ್ಮೋನೇ. ಯಾರು ಇಲ್ಲ ಅಂದ್ರು? ನಮ್ ಹುಡುಗ.”

“ಆದ್ರೆ ಮನೆಗೊಬ್ರು ಅಂದ್ಮೇಲೆ ಮನೆ ಇರ್ಬೇಕಲ್ವಾ” ಎಂದರು ಖಜಾಂಚಿ. ತಮಾಷೆಗೆ ಹೇಳಿದ್ದಲ್ಲ. ಸದಸ್ಯ ಕುಟುಂಬಗಳಲ್ಲಿ ಆ ಕುಟುಂಬವಿಲ್ಲ ಎಂಬ ಅಡಚಣೆಯನ್ನು ಅವರು ನಿಜವಾಗಿಯೂ ಬೇಸರದಿಂದಲೇ ತಿಳಿಸಿದರು. ಆಮೇಲೆ ಬೆರಳು ನೆಕ್ಕಿಕೊಂಡರು.

ಶಾಲೆಯ ಕೆಲಸದ ವಿಷಯ ಹೇಳಿದೆ, ಹೆಣ್ಣುಮಕ್ಕಳ ವಿಷಯವನ್ನೂ. ಅಪ್ಪನ ಹೆಸರು ತೆಗೆದು ಅಲ್ಲಿ ಕೀಪರ್ ಹೆಸರು ಹಾಕಿ ಎಂದೂ ಹೇಳಿದೆ.

“ನಿಮ್ಮಪ್ಪನ ಹತ್ರ ನೀನೇ ಹೇಳಮ್ಮಾ. ಆ ಪಾಪ ನಂಗೆ ಬೇಡ” ಎಂದು ಅಧ್ಯಕ್ಷರು ನಕ್ಕರು. “ಅವ್ನಿಗೂ ಏನಾದ್ರೂ ಮಾಡೋಣ. ನಾನಿಲ್ವಾ?”

ನನ್ನ ಒಪ್ಪಿಗೆ ಇಲ್ಲವೆಂದು ಹೇಳಿ ಎದ್ದೆ. “ಸರಿ ಸರಿ, ಇಬ್ರು ಒಪ್ಪಿದ್ರೆ ಮೆಜಾರಿಟಿ” ಎಂದು ಖಜಾಂಚಿ ಉಳಿದ ಸಮೋಸಾಗಳನ್ನು ಕಾಗದದಲ್ಲಿ ಸುತ್ತತೊಡಗಿದರು, ಮನೆಗೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಟಿವಿಯ ಶಬ್ದ ತಗ್ಗಿಸಿ ಪೂರ್ತಿ ಕೇಳಿದರು.

“ನಾನು ಬಿಟ್ರೆ ಅವ್ನು ಬರಲ್ಲ ಪುಟ್ಟಾ. ಇನ್ನೊಂದ್ ಮನೆಯೋರು ಬರ್ತಾರೆ ಅಷ್ಟೆ.”

“ಬಿಟ್ಟು ನೋಡಬಹುದಲ್ಲ.”

ಅಪ್ಪ ರಿಮೋಟ್ ಕೈಗೆತ್ತಿಕೊಂಡರು. “ಸನ್ಮಾನದ ಬ್ಲೇಜರ್‌ಗೆ ಹೋದ ವಾರವೇ ಅಳತೆ ಕೊಟ್ಟಾಗಿದೆ” ಎಂದರು. ಮತ್ತೆ ಟಿವಿಯ ಶಬ್ದ ಏರಿಸಿದರು. ನನ್ನ ತಂದೆ ಕೆಟ್ಟವರಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಅವರು ಅನ್ನಕ್ಕೆ ಮೊಸರು ಕಲಸುವ ಶಬ್ದ ಮಾತ್ರ ನನಗೆ ಸಹಿಸಲಾಗಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮರುದಿನ ಕೆಲಸ ಮುಗಿಸಿ ಕೀಪರ್ ಅವರ ಅಂಗಡಿಗೆ ಹೋದೆ. ಅವರು ಭುಜದ ಮೇಲೆ ಬಟ್ಟೆಯ ಥಾನು ಹೊತ್ತು ಏಣಿ ಇಳಿಯುತ್ತಿದ್ದರು. ಹನ್ನೊಂದರಲ್ಲಿ ಅವರ ಹೆಸರಿಲ್ಲ ಎಂದು ನೇರವಾಗಿ ಹೇಳಿದೆ. ಅವರು ಥಾನನ್ನು ಕೌಂಟರಿನ ಮೇಲೆ ಇಳಿಸಿ ಅದರ ಅಂಚನ್ನು ಸರಿಮಾಡಿದರು.

“ಚೇರ್ಮನ್ ಸಾರ್ ಬೆಳಿಗ್ಗೆ ಫೋನ್ ಮಾಡಿದ್ರು ಅಕ್ಕ. ನಿಂಗೂ ಇದೆ, ಸ್ಟೇಜ್ ಮೇಲೆ ಕರೀತೀವಿ, ಫ್ಯಾಮಿಲಿ ಕರ್ಕೊಂಡು ಬಾ ಅಂದ್ರು.”

“ಏನು ಇದೆ ಅಂತ ಹೇಳಿದರೇ?”

“ಸ್ಪೆಷಲ್ ಅಂದ್ರು.” ಅವರು ನನ್ನ ಮುಖ ನೋಡಿದರು. “ಸವಾ, ಪರ್ವಾಗಿಲ್ಲ ಅಕ್ಕ. ಹನ್ನೆರಡನೇ ಪ್ಲೇಯರ್ ಅಂದ್ರೂ ಸರಿ. ಮೇಷ್ಟ್ರು ಕೇಳೋದು ಒಂದೇ, ಈ ಟೀಮಿಗೆ ಕೀಪಿಂಗ್ ಮಾಡಿದೀಯ ಅಂತ ಈ ಟೀಮ್ ಹೇಳುತ್ತಾ.”

ಸನ್ಮಾನದ ಭಾನುವಾರ ಮೊದಲು ಒಂದು ಪ್ರದರ್ಶನ ಪಂದ್ಯ, ಆಮೇಲೆ ಸಮಾರಂಭ, ಊಟ. ಮೈದಾನದ ಪಕ್ಕ ಶಾಮಿಯಾನ ಹಾಕಿದ್ದರು. ಹನ್ನೊಂದು ಮಂದಿ ನೀಲಿ ಬ್ಲೇಜರ್ ತೊಟ್ಟು ಬಿಸಿಲಿನಲ್ಲಿ ಬೆವರುತ್ತಾ ಓಡಾಡುತ್ತಿದ್ದರು. ಹೊಸ ಬಟ್ಟೆಗೆ ಸೀಮೆಎಣ್ಣೆಯಂಥ ವಾಸನೆ. ಕೀಪರ್ ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಬಿಳಿ ಶರ್ಟಿನಲ್ಲಿ ಬಂದರು. ಜೊತೆಗೆ ಹೆಂಡತಿ, ಬಿಗಿಯಾಗಿ ಜಡೆ ಹೆಣೆದ ಇಬ್ಬರು ಹುಡುಗಿಯರು. ಆಟದ ಮೇಷ್ಟ್ರು ಚರ್ಚ್ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆಂದು ಹೇಳಿದರು.

ಪಂದ್ಯ ಶುರುವಾಯಿತು. ವಿಕೆಟ್ಟಿನ ಹಿಂದೆ ಅಧ್ಯಕ್ಷರ ಭಾವಮೈದುನ. ಮೊದಲ ಓವರಿನಲ್ಲಿ ನಾಲ್ಕು ಚೆಂಡು ಅವನ ಕಾಲ ಸಂದಿಯಿಂದ ಹೋಗಿ ಬೌಂಡರಿ ಮುಟ್ಟಿದವು. ಮುಂದಿನ ಓವರಿನಲ್ಲಿ ಒಂದು ಚೆಂಡು ಅವನ ಕತ್ತಿನ ಕೆಳಗಿನ ಮೂಳೆಗೆ ಬಡಿಯಿತು. ಅವನು ಗ್ಲೌಸ್ ಎಸೆದು ಕುಳಿತುಬಿಟ್ಟ.

“ಏ, ಯಾರಾದ್ರೂ ನಿಂತ್ಕೊಳ್ರೋ” ಎಂದರು ಒಬ್ಬರು. ಯಾರೂ ನಿಲ್ಲಲಿಲ್ಲ. ಹನ್ನೊಂದು ಮಂದಿ ಅತ್ಯುತ್ತಮರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿಗಿದ್ದ ಗುಜರಾತಿ ತಂಡದ ನಾಯಕ ನಮ್ಮ ಕೀಪರ್ ಕಡೆ ತೋರಿಸಿ, “ನಿಮ್ಮ ಕೀಪರ್ ಅಲ್ಲೇ ಕೂತಿದ್ದಾನಲ್ಲ” ಎಂದು ಹಿಂದಿಯಲ್ಲಿ ಕೇಳಿದ. ಅವನಿಗೆ ಅದು ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅಧ್ಯಕ್ಷರು ಶಾಮಿಯಾನದೊಳಗಿಂದ ಕೈಬೀಸಿದರು. “ಬಾ ಮಗಾ, ಸ್ವಲ್ಪ ನಿಂತ್ಕೋ. ಮರ್ಯಾದೆ ಉಳ್ಸು.”

ಕೀಪರ್ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆಯೇ ಪ್ಯಾಡ್ ಕಟ್ಟಿಕೊಂಡರು. ನಾನು ಸ್ಕೋರ್ ಬರೆಯುವ ಮೇಜಿನಲ್ಲಿದ್ದೆ. ಬ್ಲೇಜರ್ ಕಳಚಿಟ್ಟು ಬಂದ ಆ ಹತ್ತು ಮಂದಿಯ ನಡುವೆ ಅವರು ಮಂಡಿ ಬಾಗಿಸಿ ಕುಳಿತ ಕೂಡಲೇ ಆಟ ಆಟದಂತೆ ಕಾಣತೊಡಗಿತು. ಅವರ ಬಾಯಿಯೂ ಶುರುವಾಯಿತು. “ಒಳ್ಳೆ ಬಾಲು ಗುರು. ಇನ್ನೊಂದು ಅಲ್ಲೇ. ನಿದ್ದೆ ಬರ್ತಿದೆ ಅವ್ನಿಗೆ, ಎಬ್ಬಿಸ್ಬೇಡ.” ಇಬ್ಬರನ್ನು ಸ್ಟಂಪ್ ಮಾಡಿದರು. ಲೆಗ್ ಸೈಡಿಗೆ ಹಾರಿ ಒಂದು ಕ್ಯಾಚ್ ಹಿಡಿದರು. ಪ್ಯಾಂಟಿನ ಮಂಡಿ ಹರಿಯಿತು. ಅವರ ಹೆಣ್ಣುಮಕ್ಕಳು ಎದ್ದು ನಿಂತು ಕುಣಿದರು. ನಮ್ಮ ತಂಡ ಗೆದ್ದಿತು.

ಗೆದ್ದವರು ಫೋಟೊಗೆ ನಿಂತರು. ಬ್ಲೇಜರುಗಳು ಮತ್ತೆ ಮೈಮೇಲೆ ಬಂದವು. ಕೀಪರ್ ಪ್ಯಾಡ್ ಬಿಚ್ಚದೆಯೇ ಸಾಲಿನ ತುದಿಯಲ್ಲಿ ನಿಂತರು. ಅಧ್ಯಕ್ಷರು ಅವರ ಭುಜದ ಮೇಲೆ ಕೈಯಿಟ್ಟರು.

“ಬ್ಲೇಜರ್ ಇಲ್ದೇ ಒಬ್ಬ ನಿಂತ್ರೆ ಫೋಟೊ ಕೆಡುತ್ತೆ ಮಗಾ. ನೀನೇ ಒಂದು ಹೊಡಿ, ನಿಂಗೆ ಕೈ ನಡುಗಲ್ಲ” ಎಂದು ಕ್ಯಾಮೆರಾ ಕೊಟ್ಟರು.

ಅವರು ತೆಗೆದುಕೊಂಡರು. ಸಾಲಿನ ನಡುವೆ ನನ್ನ ತಂದೆ ಹೊಟ್ಟೆ ಎಳೆದುಕೊಂಡು ನಿಂತಿದ್ದರು. ಅದೇ ಹೊತ್ತಿಗೆ ಕೋಟು ತೊಟ್ಟ, ಎತ್ತರದ, ನರೆತ ಕೂದಲಿನ ಒಬ್ಬರು ಗೇಟಿನಿಂದ ಒಳಗೆ ಬಂದರು. ಅವರನ್ನು ನೋಡಿ ಕೀಪರ್ ಕ್ಯಾಮೆರಾ ಹಿಡಿದ ಕೈಯನ್ನೇ ಎತ್ತಿದರು. ಆಟದ ಮೇಷ್ಟ್ರು ಅವರೇ.

ಸಮಾರಂಭದಲ್ಲಿ ಹನ್ನೊಂದು ಹೆಸರುಗಳನ್ನು ಕರೆದರು. ಪ್ರತಿಯೊಬ್ಬರಿಗೂ ಹಾರ, ಫಲಕ. “ಇದು ಆಯ್ಕೆ ಸಮಿತಿಯ ಸರ್ವಾನುಮತದ ತೀರ್ಮಾನ” ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿ ನನ್ನತ್ತ ಕೈ ತೋರಿಸಿದರು. ನಾನು ಕುರ್ಚಿಯಿಂದ ಏಳಲಿಲ್ಲ. “ಅಲ್ಲ” ಎಂದೆ. ಮೂರನೆಯ ಸಾಲಿನಿಂದ ಹೇಳಿದ ಒಂದು ಮಾತು ಚಪ್ಪಾಳೆಯಲ್ಲಿ ಎಲ್ಲಿಗೂ ಮುಟ್ಟುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, “ಏನಮ್ಮಾ, ನೀರು ಬೇಕಾ?” ಎಂದರು.

ಕೊನೆಯಲ್ಲಿ ಕೀಪರ್ ಅವರನ್ನು ಕರೆದರು, ಇಂಗ್ಲಿಷಿನಲ್ಲಿ. ತಂಡದ ಸಾಮಾನು ನೋಡಿಕೊಳ್ಳುವ, ಕರೆದಾಗ ಬರುವ, ಎಂದೂ ಇಲ್ಲವೆನ್ನದ ನಮ್ಮ ಹುಡುಗ, ನಮ್ಮ ಸಹಾಯಕ ಎಂದು ಪರಿಚಯಿಸಿದರು. ಅವರಿಗೂ ಹಾರ ಹಾಕಿದರು. ಆಮೇಲೆ ಇಬ್ಬರು ಸೇರಿ ಎತ್ತಿಕೊಂಡು ಬಂದದ್ದು ಒಂದರೊಳಗೊಂದು ಕೂರುವ ಮೂರು ಪ್ಲಾಸ್ಟಿಕ್ ಬೇಸಿನ್ನುಗಳು, ಅಧ್ಯಕ್ಷರ ಕಾರ್ಖಾನೆಯವು. ಹೊಳೆಯುವ ಕಾಗದ ಸುತ್ತಿ ಮೇಲೆ ಕೆಂಪು ರಿಬ್ಬನ್ ಕಟ್ಟಿದ್ದರು. ಹರಿದ ಮಂಡಿಯ ಪ್ಯಾಂಟಿನಲ್ಲಿ ಕೀಪರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅಷ್ಟು ಜನರಲ್ಲಿ ಒಬ್ಬರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಹಲವರ ಕಣ್ಣು ಒದ್ದೆಯಾಗಿತ್ತು. ತಮ್ಮ ಒಳ್ಳೆಯತನಕ್ಕೆ ತಾವೇ ಕರಗಿದವರ ಮುಖಗಳವು.

ಊಟಕ್ಕೆ ಏಳುವಾಗ ಮೇಷ್ಟ್ರ ಬಳಿಗೆ ನಾನಾಗಿಯೇ ಹೋದೆ. ಕೇಳುವ ಮೊದಲೇ ಅವರು ಮೆಲ್ಲಗೆ, “ಹಾಗಾದರೆ ಇವರು ಸಾಮಾನು ನೋಡಿಕೊಳ್ಳುವವರು. ನನಗೆ ಬೇರೆ ಹೇಳಿದ್ದರು” ಎಂದರು. ಸಿಟ್ಟಿನಿಂದಲ್ಲ, ಸುಳ್ಳು ಸಿಕ್ಕಿಬಿದ್ದಾಗ ಮರ್ಯಾದಸ್ಥರು ತಾವೇ ಮುಜುಗರಪಡುವಂತೆ.

“ಅಲ್ಲ. ಅವರೇ ಈ ತಂಡದ ಕೀಪರ್. ಹತ್ತು ವರ್ಷ” ಎಂದೆ.

ಅವರು ಸುತ್ತಲಿನ ನೀಲಿ ಬ್ಲೇಜರುಗಳನ್ನು ಒಂದೊಂದಾಗಿ ನೋಡಿದರು. ಅಷ್ಟರಲ್ಲಿ ಅಧ್ಯಕ್ಷರು ಬಂದು ಅವರ ತೋಳು ಹಿಡಿದು ಬಿಸಿಬೇಳೆಬಾತಿನ ಕಡೆ ಕರೆದುಕೊಂಡು ಹೋದರು. ಮೇಷ್ಟ್ರು ಅರ್ಧ ತಟ್ಟೆ ತಿಂದು, ಕೀಪರ್ ಅವರ ಕೈ ಕುಲುಕಿ ಹೊರಟುಹೋದರು. ಮುಂದಿನ ಮಾತಿಗೆ ಬಾ ಎನ್ನಲಿಲ್ಲವೆಂಬುದು ಕೀಪರ್ ಅವರ ಮುಖದಿಂದ ತಿಳಿಯಿತು.

ಅಧ್ಯಕ್ಷರನ್ನು ಕೈತೊಳೆಯುವ ನಲ್ಲಿಯ ಬಳಿ ಹಿಡಿದೆ. ಅವರಿಂದಾಗಿ ಒಬ್ಬರಿಗೆ ಸಿಗಲಿದ್ದ ಕೆಲಸ ಹೋಯಿತು, ಮೇಷ್ಟ್ರಿಗೆ ಫೋನ್ ಮಾಡಿ ನಿಜ ಹೇಳಬೇಕು ಎಂದೆ.

“ಏನ್ ನಿಜ? ನಾನು ಸುಳ್ಳು ಹೇಳಿದ್ನಾ? ಹತ್ತು ವರ್ಷ ಪ್ರತಿ ಭಾನುವಾರ ಊಟ ಹಾಕಿದೀವಮ್ಮಾ ಅವ್ನಿಗೆ.” ಬಾಯಿ ಮುಕ್ಕಳಿಸಿ ನನ್ನ ಕಾಲಿನ ಹತ್ತಿರವೇ ಉಗಿದರು. “ನೀನು ಓದಿರೋಳು, ಸೂಕ್ಷ್ಮ ಜಾಸ್ತಿ. ಮದುವೆ ಆದ್ರೆ ಸರಿಹೋಗುತ್ತೆ.”

ಕೀಪರ್ ಗೇಟಿನ ಹೊರಗೆ ಮಟಾಟು ವ್ಯಾನಿಗಾಗಿ ಕಾಯುತ್ತಿದ್ದರು. ದೊಡ್ಡ ಬೇಸಿನ್ನು ಹೆಂಡತಿಯ ಕೈಯಲ್ಲಿ, ಉಳಿದೆರಡು ಹುಡುಗಿಯರ ಕೈಯಲ್ಲಿ. ಹುಡುಗಿಯರು ರಿಬ್ಬನ್ನಿಗೆ ಜಗಳವಾಡುತ್ತಿದ್ದರು. ಶಾಲೆಯ ವಿಳಾಸ ಕೇಳಿದೆ.

“ಯಾಕಕ್ಕ? ಬಿಡು. ಚೇರ್ಮನ್ ಸಾರ್ ದೊಡ್ಡೋರು, ನಿಮ್ಮಪ್ಪ ಅವ್ರ ಜೊತೆ ಇರ್ಬೇಕು.”

“ವಿಳಾಸ ಕೊಡಿ.”

ಕೊಟ್ಟರು. “ಆ ಲೆಗ್ ಸೈಡ್ ಕ್ಯಾಚ್ ನೋಡಿದ್ಯಾ?” ಎಂದು ಕೇಳಿದರು. ನೋಡಿದೆ ಎಂದೆ. “ಅದೊಂದು ಮೇಷ್ಟ್ರು ಬರೋ ಮುಂಚೆ ಆಗ್ಬಾರ್ದಿತ್ತು” ಎಂದು ಮಟಾಟು ಹತ್ತಿದರು.

ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಪ್ರಯೋಗಾಲಯಕ್ಕೆ ಫೋನ್ ಮಾಡಿ ಅರ್ಧ ದಿನ ರಜೆ ಹೇಳಿದೆ. ಎರಡು ಮಟಾಟು ಬದಲಿಸಿ ಕಸರಾನಿಗೆ ಹೋದೆ. ಶಾಲೆಗೆ ರಜೆ ಶುರುವಾಗಿತ್ತು; ಕಾವಲುಗಾರ ನನ್ನನ್ನು ಆಟದ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿದ. ಮೇಷ್ಟ್ರು ಬಂದು ನನ್ನನ್ನು ಗುರುತಿಸಿ ಬಾಗಿಲಲ್ಲೇ ನಿಂತರು. ನಿನ್ನೆಯ ತಂಡವನ್ನು ಆರಿಸಿದ ಮೂವರಲ್ಲಿ ನಾನೊಬ್ಬಳು, ಅದನ್ನು ಆರಿಸಿದ ರೀತಿ ಹೇಳಲು ಬಂದಿದ್ದೇನೆ, ಆಮೇಲೆ ಕೀಪರ್ ಅವರನ್ನು ಇಲ್ಲಿಗೆ ಕರೆಸಿ ಕೈಗೆ ಗ್ಲೌಸ್ ಕೊಟ್ಟು ನೀವೇ ನೋಡಬೇಕು ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು, ಮತ್ತೆ ನನ್ನನ್ನು ನೋಡಿದರು, ಒಂದು ಕುರ್ಚಿಯ ಮೇಲಿದ್ದ ಫುಟ್‌ಬಾಲುಗಳನ್ನು ಕೆಳಗಿಟ್ಟರು. ನಾನು ಕುಳಿತು ಮೊದಲ ವರ್ಷದ ಮೊದಲ ಪಂದ್ಯದಿಂದ ಹೇಳತೊಡಗಿದೆ.